ನೋಡು ಅಂದರೆ ನಿಲ್ಲಬೇಕು

ಜನವರಿ 11, ಭಾನುವಾರ

ಇವತ್ತು ನಮ್ಮ ಕ್ಲಬ್ಬಿನ ನಾಯಕಿಯನ್ನೇ ರನ್ ಔಟ್ ಮಾಡಿಸಿದೆ. ನಲವತ್ತೊಂದು ಹೊಡೆದು ಗಟ್ಟಿಯಾಗಿ ಊರಿಕೊಂಡಿದ್ದಳು. ನಾನು ಬಂದ ಮೂರನೇ ಚೆಂಡಿಗೆ ಅವಳನ್ನು ಮನೆಗೆ ಕಳಿಸಿದೆ.

ಯಾರಿಗೂ ಹೇಳಿಕೊಳ್ಳುವ ಹಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಚೆಂಡನ್ನು ಪಾಯಿಂಟ್ ಕಡೆ ತಳ್ಳಿದೆ. ಓಟವಿತ್ತು, ಆದರೆ ಒಂದು ಕ್ಷಣ ಕಾದು ಓಡಬೇಕಾದ ಓಟ. ಅದಕ್ಕೆ ಈ ದೇಶದಲ್ಲಿ 'ವೇಟ್' ಎಂದು ಕೂಗಬೇಕು. ಎರಡೂವರೆ ವರ್ಷದಿಂದ ಹಾಗೇ ಕೂಗುತ್ತ ಬಂದವಳು ನಾನು. ಇವತ್ತು ಆಯ್ಕೆಗಾರರು ಮೂವರು ಬಂದು ಕುರ್ಚಿ ಹಾಕಿಕೊಂಡು ಕೂತಿದ್ದನ್ನು ಕಂಡು ನಾಲಿಗೆ ಒಣಗಿತ್ತು. ಬಾಯಿಂದ ಬಂದದ್ದು 'ನೋಡು'. ಅವಳ ಕಿವಿಗೆ ಬಿದ್ದದ್ದು 'ನೋ'. ಚೆಂಡು ಫೀಲ್ಡರ್ ಕೈಯಿಂದ ಜಾರಿದ್ದೇ ನಾನು ಓಡಿದೆ, ಅವಳು ಪಿಚ್ಚಿನ ನಡುವೆ ಕಂಬದ ಹಾಗೆ ನಿಂತಿದ್ದಳು. ಅವಳಿಗೆ ವಿಷಯ ಅರ್ಥವಾಗುವಷ್ಟರಲ್ಲಿ ನಾನು ಅವಳನ್ನು ದಾಟಿ ಹೋಗಿದ್ದೆ.

"ನೋ ಅಂದವಳು ಯಾಕೆ ಓಡಿ ಬಂದೆ?" ಎಂದು ಕೇಳಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮನಸ್ಸಿನಲ್ಲಿ ನಾನು ಅವಳನ್ನು ಜಿರಾಫೆ ಎಂದು ಕರೆಯುತ್ತೇನೆ. ನನ್ನ ತಲೆ ಅವಳ ಭುಜಕ್ಕೂ ಮುಟ್ಟುವುದಿಲ್ಲ. ಅಷ್ಟು ಎತ್ತರದಿಂದ ಯಾರಾದರೂ ಸುಮ್ಮನೆ ನೋಡಿದರೆ ಎಷ್ಟು ಭಯವಾಗುತ್ತದೆ!

ಈ 'ನೋಡು' ಕ್ರಿಕೆಟ್ಟಿನ ಮಾತೇ ಅಲ್ಲ. ಅಕ್ಕ ಮತ್ತು ನಾನು ಶಾಲೆಗೆ ಹೋಗಲು ದೊಡ್ಡ ರಸ್ತೆ ದಾಟಬೇಕಿತ್ತು. ಅಮ್ಮನಿಗೆ ಹೊಲಿಗೆ ಯಂತ್ರ ಬಿಟ್ಟು ಏಳಲು ಪುರುಸೊತ್ತಿರಲಿಲ್ಲ. ಹಾಗಾಗಿ ಕೂತಲ್ಲಿಂದಲೇ ಒಂದು ಕಾನೂನು ಮಾಡಿದಳು. "ಇಬ್ಬರಲ್ಲಿ ಯಾರು ನೋಡು ಅಂದ್ರೂ ಇನ್ನೊಬ್ಬಳು ನಿಂತುಬಿಡಬೇಕು. ಯಾಕೆ, ಏನು ಅಂತ ಕೇಳೋ ಹಾಗಿಲ್ಲ. ಒಂದು ಹೆಜ್ಜೆ ಎತ್ತಿಟ್ರೆ ಕಾಲು ಮುರೀತೀನಿ." ನನಗೆ ಏಳು ವರ್ಷವಿದ್ದಾಗ ಅಕ್ಕ 'ನೋಡು' ಎಂದಳು, ನಾನು ನಿಂತೆ, ಒಂದು ಲಾರಿ ನನ್ನ ಹೆಗಲ ಚೀಲ ಕಿತ್ತುಕೊಂಡು ಹೋಯಿತು. ಚೀಲ ಮಾತ್ರ ಹೋಯಿತು. ಆಮೇಲೆ ತಾರಸಿಯ ಮೇಲೆ ಆಡುವಾಗಲೂ, ಕ್ಲಬ್ಬಿಗೆ ಸೇರಿ ಹದಿನೈದು ವರ್ಷ ಜೋಡಿಯಾಗಿ ಆಡುವಾಗಲೂ ಅದೇ ನಮ್ಮ ಕರೆ. ಬಾ, ಬೇಡ, ನೋಡು. ಮೂರೇ ಮಾತು.

ಅದೇ ಮಾತು ಇಲ್ಲಿ ನನ್ನ ಕುತ್ತಿಗೆಗೆ ಬಂದಿದೆ.

ಜನವರಿ 14, ಬುಧವಾರ

ಕೋಚ್ ಕರೆಸಿದ್ದರು. "ಕಾಲು ಸರಿಯಿದೆ, ಕೈ ಸರಿಯಿದೆ, ಕಣ್ಣು ಸರಿಯಿದೆ. ನಾಲಿಗೆ ಸರಿ ಮಾಡ್ಕೊ," ಎಂದರು. ತಮಾಷೆಗೆ ಹೇಳಿದರೋ ನಿಜವಾಗಿ ಹೇಳಿದರೋ ಅವರ ಮುಖ ನೋಡಿದರೆ ಯಾರಿಗೂ ತಿಳಿಯುವುದಿಲ್ಲ.

ಆಗಸ್ಟಿಗೆ ನಾನು ಈ ದೇಶಕ್ಕೆ ಬಂದು ಮೂರು ವರ್ಷ ತುಂಬುತ್ತದೆ. ಆಗ ಇಲ್ಲಿಯ ರಾಷ್ಟ್ರೀಯ ತಂಡಕ್ಕೆ ಆಡಬಹುದು. ಈ ವರ್ಷದೊಳಗೆ ತಂಡದಲ್ಲಿ ಜಾಗ ಸಿಗದಿದ್ದರೆ ಇಲ್ಲಿರುವ ಅನುಮತಿ ಮುಗಿಯುತ್ತದೆ. ವಾಪಸು ಹೋದರೆ ಅಲ್ಲಿ ನನಗಾಗಿ ಯಾರೂ ಕಾಯುತ್ತಿಲ್ಲ. ಅಕ್ಕನನ್ನು ನಮ್ಮ ದೇಶದ ತಂಡಕ್ಕೆ ಆರಿಸಿದ ದಿನ ಅಲ್ಲಿಯ ಆಯ್ಕೆಗಾರರೊಬ್ಬರು ನನ್ನ ಬೆನ್ನು ತಟ್ಟಿ, "ಒಂದು ಮನೆಯಿಂದ ಒಬ್ಬಳು ಸಾಕಲ್ವೇನಮ್ಮಾ" ಎಂದು ನಕ್ಕಿದ್ದರು. ಸಾಲಾಗಿ ನಾಲ್ಕು ವರ್ಷ ಹಾಗೇ ನಕ್ಕರು.

ನಾನು ಕೆಲಸಕ್ಕಿರುವ ಬ್ಯಾಟಿನ ಅಂಗಡಿಯಲ್ಲಿ ಇವತ್ತು ಐದು ಹೊಸ ಬ್ಯಾಟು ತಯಾರಾಗಿವೆ. ನನ್ನ ಕೆಲಸ ಅವನ್ನು ಹದ ಮಾಡುವುದು. ಎಣ್ಣೆ ಸವರಿ, ಒಣಗಿಸಿ, ಮರದ ಸುತ್ತಿಗೆಯಿಂದ ಗಂಟೆಗಟ್ಟಲೆ ತಟ್ಟಬೇಕು, ಇಲ್ಲದಿದ್ದರೆ ಹೊಸ ಬ್ಯಾಟು ಮೊದಲ ಚೆಂಡಿಗೇ ಬಿರುಕು ಬಿಡುತ್ತದೆ. ಒಂದೊಂದು ಏಟಿಗೂ ಬಾಯಲ್ಲಿ 'ವೇಟ್' ಅಂದುಕೊಂಡೆ. ಅಂಗಡಿಯ ಯಜಮಾನ ಬ್ಯಾಟು ಮಾಡುವ ಬಡಗಿ, ಹಿಂದೆ ಇಪ್ಪತ್ತು ವರ್ಷ ಅಂಪೈರ್ ಆಗಿದ್ದವನು. ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡಿದ.

"ಬ್ಯಾಟಿಗೆ ಮಂತ್ರ ಹಾಕ್ತಿದ್ದೀಯಾ?"

"ನನಗೇ ಹಾಕ್ಕೊಳ್ತಿದ್ದೀನಿ," ಎಂದೆ.

ಫೆಬ್ರವರಿ 20, ಶುಕ್ರವಾರ

ನಮ್ಮವರು ಗೆದ್ದರು! ಅಕ್ಕ ಎಪ್ಪತ್ತಾರು. ಅಂಗಡಿಯಲ್ಲಿ ಫೋನಿನ ಸ್ಕೋರು ನೋಡಿ ಕುಣಿದುಬಿಟ್ಟೆ. ಬಡಗಿ, "ಯಾರು ಗೆದ್ದದ್ದು?" ಎಂದ. "ನಾವು" ಎಂದೆ. "ನಾವು ಇವತ್ತು ಆಡಲೇ ಇಲ್ಲವಲ್ಲ," ಎಂದ. ಹೌದಲ್ಲ.

ನನ್ನ ಕೋಣೆಯ ಬೀರುವಿನ ಬಾಗಿಲ ಒಳಗಡೆ ಪೆನ್ಸಿಲಿನಲ್ಲಿ ಗೀಟು ಎಳೆಯುತ್ತಿದ್ದೇನೆ. 'ನೋಡು' ಬಾಯಿಗೆ ಬಾರದ ಒಂದೊಂದು ಪಂದ್ಯಕ್ಕೂ ಒಂದೊಂದು ಗೀಟು. ಇವತ್ತಿಗೆ ಆರು.

ಏಪ್ರಿಲ್ 26, ಭಾನುವಾರ

ಹದಿನೇಳು ಗೀಟು. ಆದರೂ ಪ್ಯಾಡ್ ಕಟ್ಟುವಾಗ ಭಯವಾಗುತ್ತದೆ. ಚೆಂಡಿನ ಭಯವಲ್ಲ, ಅದು ಚಿಕ್ಕಂದಿನಲ್ಲೇ ಹೋಗಿದೆ. ನನ್ನ ಬಾಯಿಯದೇ ಭಯ. ಬಾಯಲ್ಲಿ ಯಾರೋ ಬೇರೆಯವರು ಕೂತಿದ್ದಾರೆ, ಹೊತ್ತು ನೋಡಿ ಎದ್ದು ಬರುತ್ತಾರೆ ಅನಿಸುತ್ತದೆ.

ಮಧ್ಯಾಹ್ನ ಅಕ್ಕ ವಿಡಿಯೋ ಕರೆ ಮಾಡಿದ್ದಳು. ಫೋನನ್ನು ಮುಂದೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಚಹಾ ಲೋಟ ಹಿಡಿದು ಮೆಟ್ಟಿಲು ಇಳಿಯುತ್ತಿದ್ದಳು.

"ಏ ಕುಳ್ಳಿ, ಮುಖ ಯಾಕೆ ಹಾಗಿದೆ? ಅನ್ನ ಹಾಕಲ್ವಾ ಅವರು?"

"ಹಾಕ್ತಾರೆ. ನೀನು ಮೆಟ್ಟಿಲು ನೋಡು."

ಅಕ್ಕ ಗಕ್ಕನೆ ನಿಂತಳು. ಒಂದು ಕಾಲು ಗಾಳಿಯಲ್ಲಿ. ಚಹಾ ತುಳುಕಿ ಸೀರೆಯ ಮೇಲೆ ಚೆಲ್ಲಿತು. ನಾನು ನಿಲ್ಲು ಅಂದಿರಲಿಲ್ಲ, ಮೆಟ್ಟಿಲು ನೋಡಿಕೊಂಡು ಇಳಿ ಅಂದದ್ದಷ್ಟೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

"ಥೂ, ಇನ್ನೂ ಹೋಗಿಲ್ಲ ನೋಡೇ ಇದು," ಎಂದಳು ಸೀರೆ ಕೊಡವುತ್ತ. "ಅಮ್ಮ ಕಾಲು ಮುರೀತಾಳೆ ಅನ್ನೋ ಹೆದರಿಕೆ. ಬೇರೆ ಯಾರು ಅಂದ್ರೂ ಏನೂ ಆಗಲ್ಲ. ನಿನ್ನ ಗಂಟಲಲ್ಲಿ ಕೇಳಿದ್ರೆ ಕಾಲೇ ಏಳಲ್ಲ."

ಅಕ್ಕ ಇಷ್ಟು ನಕ್ಕು ಬಹಳ ದಿನವಾಗಿತ್ತು. ಅಮ್ಮ ಹಿಂದಿನಿಂದ ಏನೋ ಕೂಗಿದಳು. 'ವೇಟ್ ಅಮ್ಮಾ' ಎಂದೆ. "ಏನಂದೆ?" ಎಂದಳು. "ತಾಳು ಅಂದೆ."

ಜೂನ್ 19, ಶುಕ್ರವಾರ

ಅಕ್ಟೋಬರಿನಲ್ಲಿ ಇಲ್ಲಿಗೆ ಬರುವ ತಂಡ ಯಾವುದೆಂದು ಗೊತ್ತಾಯಿತು. ಅಕ್ಕನ ತಂಡ.

ಸುತ್ತಿಗೆ ಕೈಯಿಂದ ಜಾರಿ ಕಾಲ ಮೇಲೆ ಬಿತ್ತು. ಉಗುರು ಕಪ್ಪಾಗಿದೆ.

ಜುಲೈ 23, ಗುರುವಾರ

ಕೋಚ್ ಚಹಾ ತರಿಸಿದರು. ಅವರು ಚಹಾ ತರಿಸಿದರೆಂದರೆ ಏನೋ ಬೇಕಾಗಿದೆ ಎಂದೇ ಅರ್ಥ. ಗೋಡೆಯ ತೆರೆಯ ಮೇಲೆ ಅಕ್ಕನ ವಿಡಿಯೋ. ಅಕ್ಕ ಕವರ್ಸ್‌ನಲ್ಲಿ ಬಗ್ಗಿ ಚೆಂಡು ಎತ್ತಿ, ಕಣ್ಣು ಮಿಟುಕಿಸುವಷ್ಟರಲ್ಲಿ ಎಸೆದು ವಿಕೆಟ್ ಬೀಳಿಸುತ್ತಾಳೆ. ಅದನ್ನೇ ಮೂರು ಸಲ ತೋರಿಸಿದರು.

"ಹತ್ತಕ್ಕೆ ಎಂಟು ಹೊಡೀತಾಳೆ. ನೀನು ಜೊತೇಲೇ ಬೆಳೆದವಳು. ಎಲ್ಲಾದ್ರೂ ಒಂದು ಹುಳುಕು ಇರಬೇಕಲ್ಲ. ಎಡಗಡೆ ಬಗ್ಗೋಕೆ ಕಷ್ಟನಾ? ಹಳೇ ಪೆಟ್ಟು ಏನಾದ್ರೂ?"

"ಏನೂ ಇಲ್ಲ, ಸರ್."

"ಯೋಚನೆ ಮಾಡು."

"ಮಾಡಿದೆ. ಏನೂ ಇಲ್ಲ."

ಅವರು ಒಂದು ಸಲ ತಲೆಯಾಡಿಸಿದರು. ನನಗೆ ಒಳಗೇ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. ಅಕ್ಕನ ವಿಷಯ ಬಾಯಿ ಬಿಡಲಿಲ್ಲ. ಬಿಡುವುದೂ ಇಲ್ಲ. ಆದರೆ ಬಾಗಿಲು ದಾಟುವಾಗ ಮೆಟ್ಟಿಲು, ಚಹಾ ಲೋಟ, ಗಾಳಿಯಲ್ಲಿ ನಿಂತ ಕಾಲು ಕಣ್ಣ ಮುಂದೆ ಬಂದವು. ಯಾಕೆ ಬಂದವೋ. ಬೇಗ ಬೇಗ ನಡೆದು ಬಂದುಬಿಟ್ಟೆ.

ಜುಲೈ 25, ಶನಿವಾರ

ಬಡಗಿ ಇವತ್ತು ತನ್ನ ಅಂಪೈರಿಕೆಯ ಕತೆ ತೆಗೆದ. ಒಮ್ಮೆ ಚೆಂಡು ಮೇಲೆ ಹೋಗಿದೆ, ಕೆಳಗೆ ಇಬ್ಬರು ಫೀಲ್ಡರ್‌ಗಳು ಓಡಿ ಬರುತ್ತಿದ್ದಾರೆ. ಬ್ಯಾಟ್ಸ್‌ಮನ್ 'ನನ್ನದು, ನನ್ನದು' ಎಂದು ಅವರ ಧ್ವನಿಯಲ್ಲೇ ಕೂಗಿದನಂತೆ. ಇಬ್ಬರೂ ನಿಂತರು, ಚೆಂಡು ನೆಲಕ್ಕೆ ಬಿತ್ತು. ಇವನು ಬೆರಳೆತ್ತಿ ಕಳಿಸಿಬಿಟ್ಟ.

"ಅದಕ್ಕೂ ಔಟಾ?"

"ಬೇಕಂತ ಮಾಡಿದ್ರೆ ಔಟೇ. ಮೈ ಅಡ್ಡ ಹಾಕಿದ್ರೂ ಅಷ್ಟೆ, ಬಾಯಿ ಹಾಕಿದ್ರೂ ಅಷ್ಟೆ. ಪುಸ್ತಕದಲ್ಲೇ ಇದೆ." ಆಮೇಲೆ ಉಜ್ಜುಕಾಗದ ಊದಿ ಹೇಳಿದ: "ಬೇಕಂತ ಮಾಡಿದ್ದೋ ಇಲ್ಲವೋ ಅಂತ ತಿಳಿಯೋದೇ ಕಷ್ಟ. ಮುಖ ನೋಡಿ ಹೇಳಬೇಕು."

ಆಗಸ್ಟ್ 13, ಗುರುವಾರ

ಮೂರು ವರ್ಷ. ಕಚೇರಿಯ ಹೆಂಗಸು ಕಾಗದಕ್ಕೆ ಮುದ್ರೆ ಒತ್ತಿ, ತಲೆಯೆತ್ತದೆ "ಮುಂದಿನವರು" ಎಂದಳು. ಹೊರಗೆ ಬಂದು ಬೆಂಚಿನ ಮೇಲೆ ಕೂತು ಅತ್ತೆ. ಯಾಕೆ ಅಂತ ಕೇಳಿದರೆ ಗೊತ್ತಿಲ್ಲ.

ಸೆಪ್ಟೆಂಬರ್ 29, ಮಂಗಳವಾರ

ಪಟ್ಟಿಯಲ್ಲಿ ನನ್ನ ಹೆಸರಿದೆ. ಹದಿಮೂರನೆಯದು, ಕೊನೆಯದು, ಆದರೆ ಇದೆ. ಜಿರಾಫೆ ಬಂದು ತಬ್ಬಿಕೊಂಡಳು, ನನ್ನ ಮೂಗು ಅವಳ ಜೇಬಿಗೆ ತಾಗಿತು. "ನೋಡು!" ಎಂದಳು, ಕೀಟಲೆಗೆ. ಅವಳಿಗೆ ಆ ಮಾತಿನ ಅರ್ಥ ನಾನು ಹೇಳಿಲ್ಲ. ಅವಳ ಪ್ರಕಾರ ಅದು ನಾನು ಗಾಬರಿಯಾದಾಗ ಮಾಡುವ ಒಂದು ಸದ್ದು.

ಸಹಿ ಹಾಕುವ ಮುಂಚೆ ಒಂದು ನಿಯಮ ಓದಿಸಿದರು. ಇಲ್ಲಿಯ ಬಣ್ಣ ಹಾಕಿ ಒಂದು ಪಂದ್ಯ ಆಡಿದರೂ ಇನ್ನೊಂದು ದೇಶಕ್ಕೆ ಆಡಲು ಮತ್ತೆ ಮೂರು ವರ್ಷ ಕಾಯಬೇಕು. ನನಗೀಗ ಇಪ್ಪತ್ತೇಳು. ಅಂದರೆ ಹಿಂದಿನ ಬಾಗಿಲು ಹಾಕಿದ ಹಾಗೆ. ಮುಂದಿನ ಬಾಗಿಲು ಇನ್ನೂ ತೆರೆದಿಲ್ಲ. ನಡುವೆ ನಿಂತು ಸಹಿ ಹಾಕಿದೆ. ಪೆನ್ನು ಹಿಡಿದ ಬೆರಳು ಬೆವರಿ ಅಕ್ಷರ ಕಲಸಿಹೋಯಿತು. ಇನ್ನೊಂದು ಹಾಳೆ ಕೊಟ್ಟರು.

ಬೀರುವಿನಲ್ಲಿ ನಲವತ್ತನಾಲ್ಕು ಗೀಟು.

ಅಕ್ಟೋಬರ್ 10, ಶನಿವಾರ

ಸೊನ್ನೆ.

ಎರಡನೇ ಚೆಂಡು. ಕ್ಯಾಚ್ ಹಿಡಿದದ್ದು ಅಕ್ಕ. ಹಿಡಿದ ಮೇಲೆ ಅವಳ ಜೊತೆಯವರೆಲ್ಲ ಕುಣಿದರು. ಅಕ್ಕ ಕುಣಿಯಲಿಲ್ಲ, ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತ ಆ ಕಡೆ ತಿರುಗಿಕೊಂಡಳು.

ಅವರು ಗೆದ್ದರು. ಎರಡೇ ಪಂದ್ಯದ ಸರಣಿ. ಇನ್ನೊಂದು ಬರುವ ಶನಿವಾರ.

ಅಕ್ಟೋಬರ್ 13, ಮಂಗಳವಾರ

ಕೋಚ್ ಇವತ್ತು ಚಹಾ ತರಿಸಲಿಲ್ಲ. "ಶನಿವಾರ ಆಡಿಸ್ತೀನಿ. ಆಮೇಲಿನ ಪ್ರವಾಸದ ಪಟ್ಟಿ ಭಾನುವಾರ ಮಾಡ್ತೀವಿ," ಎಂದಷ್ಟೇ ಹೇಳಿದರು. ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ.

ಅನ್ನ ಸೇರುತ್ತಿಲ್ಲ. ಇಸ್ತ್ರಿ ಅಂಗಡಿಯ ಮೇಲಿನ ಕೋಣೆ ನನ್ನದು. ಕೆಳಗಿನ ಯಂತ್ರಗಳ ಶಾಖಕ್ಕೆ ನೆಲ ಬೆಚ್ಚಗಿರುತ್ತದೆ. ಆದರೂ ಎರಡು ದಿನದಿಂದ ಪಾದ ತಣ್ಣಗೆ. ಔಟಾಗಿ ನಡೆದು ಬರುವುದು, ಪಟ್ಟಿ, ಸೂಟ್‌ಕೇಸು, ಊರಿನ ಬಸ್ ನಿಲ್ದಾಣ, ಎದುರಿಗೆ ಸಿಕ್ಕವರು 'ಬಂದ್ಯಾ?' ಎಂದು ಕೇಳುವುದು, ಇವೇ ತಲೆಯಲ್ಲಿ ಸುತ್ತುತ್ತವೆ.

ಅಮ್ಮ ಫೋನ್ ಮಾಡಿದ್ದಳು. "ಇಬ್ಬರೂ ಚೆನ್ನಾಗಿ ಆಡ್ರೇ," ಎಂದಳು.

"ಇಬ್ಬರೂ ಗೆಲ್ಲೋಕಾಗಲ್ಲ ಅಮ್ಮಾ."

"ಅದೆಲ್ಲ ನನಗೆ ಗೊತ್ತಿಲ್ಲ. ಅಲ್ಲಿ ರಸ್ತೆ ಹೇಗಿದೆ? ಅಕ್ಕನಿಗೆ ಆ ಊರು ಹೊಸದು. ಗಾಡಿಗಳು ಯಾವ ಕಡೆಯಿಂದ ಬರ್ತವೆ ಅಂತ ಹೇಳಿಕೊಡು. ನೀನೇ ಜೊತೇಲಿದ್ದು ದಾಟಿಸು."

ಅಕ್ಟೋಬರ್ 17, ಶನಿವಾರ

ಗೆದ್ದೆವು. ನಾನು ಔಟಾಗದೆ ಐವತ್ತೆರಡು. ಇವತ್ತು ಬರೆಯಲಾರೆ.

ಅಕ್ಟೋಬರ್ 18, ಭಾನುವಾರ

ಬೆಳಿಗ್ಗೆಯೇ ಕೋಚ್ ಫೋನ್ ಮಾಡಿದರು. ಪ್ರವಾಸದ ಪಟ್ಟಿಯಲ್ಲಿ ನಾನಿದ್ದೇನೆ. ಅನುಮತಿಯ ಕಾಗದಗಳನ್ನು ಕಚೇರಿಯವರೇ ನೋಡಿಕೊಳ್ಳುತ್ತಾರಂತೆ. ಮೂರು ವರ್ಷದಿಂದ ಈ ಮಾತಿಗಾಗಿ ಕಾದಿದ್ದೆ. ಕೇಳಿದಾಗ ಬಾಯಿಂದ "ಸರಿ ಸರ್" ಎಂದಷ್ಟೇ ಬಂತು.

ನಿನ್ನೆಯದನ್ನು ಬರೆದುಬಿಡುತ್ತೇನೆ.

ಕೊನೆಯ ಚೆಂಡು. ಸ್ಕೋರು ಸಮ. ಒಂದು ಓಟ ಬಂದರೆ ನಮ್ಮವರ ಗೆಲುವು, ನಾನು ಔಟಾದರೆ ಪಂದ್ಯ ಸಮ, ಸರಣಿ ಅವರದು. ಅಷ್ಟು ಹೊತ್ತು ಆಡಿ ಕೊನೆಗೆ ಕೈಬಿಟ್ಟವಳು ಎಂಬ ಹೆಸರು ನನ್ನದು. ಆ ತುದಿಯಿಂದ ಜಿರಾಫೆ ನಡೆದು ಬಂದು ಹೇಳಿದಳು: "ಕರೆಯೋದೇನೂ ಬೇಡ. ಚೆಂಡು ಎಲ್ಲಿಗೇ ಹೋಗಲಿ, ಇಬ್ಬರೂ ಓಡೋದೇ." ಆಗಲಿ ಎಂದೆ.

ಚೆಂಡು ಬ್ಯಾಟಿಗೆ ಬಿದ್ದಾಗಲೇ ಗೊತ್ತಾಯಿತು, ಕವರ್ಸ್‌ಗೆ ಹೋಗುತ್ತಿದೆ ಎಂದು. ನೇರ ಅಕ್ಕನ ಕೈಗೆ. ನಾಲ್ಕೈದು ಹೆಜ್ಜೆ ಓಡುವಷ್ಟರಲ್ಲಿ ಅಕ್ಕ ಬಗ್ಗಿ ಎತ್ತಿಯಾಗಿತ್ತು. ನನಗೆ ಇನ್ನೂ ಅರ್ಧ ಪಿಚ್ಚು ಬಾಕಿ. ಅಕ್ಕನ ಬಲಗೈ ಹಿಂದಕ್ಕೆ ಹೋಯಿತು. ತಾರಸಿಯ ಮೇಲೆ ಸಾವಿರ ಸಲ ನೋಡಿದ ಕೈ ಅದು. ಜೀವ ಬಾಯಿಗೆ ಬಂತು.

'ನೋಡು' ಎಂದು ಕೂಗಿದೆ.

ಅಕ್ಕನ ಕಾಲು ಕಟ್ಟಿದ ಹಾಗಾಯಿತು. ಕೈ ಮೇಲೆಯೇ ನಿಂತಿತು. ಒಂದು ಉಸಿರಿನಷ್ಟು ಹೊತ್ತು, ಹೆಚ್ಚಿಲ್ಲ. ಆಮೇಲೆ ಎಸೆದಳು, ಚೆಂಡು ವಿಕೆಟ್ಟಿಗೆ ಬಿತ್ತು ಕೂಡ. ಅಷ್ಟರಲ್ಲಿ ನನ್ನ ಬ್ಯಾಟು ಗೆರೆ ದಾಟಿತ್ತು.

ಅದು ಬಾಯಿಗೆ ತಾನಾಗಿ ಬಂತು. ಹೆದರಿಕೆಯಾದರೆ ಬರುವುದೇ ಹಾಗೆ, ಜನವರಿಯಲ್ಲೂ ಹಾಗೇ ಬಂದಿತ್ತು. ಜಿರಾಫೆಯನ್ನು ಕರೆದದ್ದು. ಜಿರಾಫೆ ಆಗಲೇ ನಾನು ಬಿಟ್ಟ ತುದಿ ಮುಟ್ಟಿದ್ದಳು, ಉದ್ದ ಕಾಲಿನವಳು. ಅದು ನನಗೆ ಕಾಣಲಿಲ್ಲ, ನಾನು ಅಕ್ಕನ ಕಡೆ ನೋಡುತ್ತಿದ್ದೆ. ತಾನಾಗಿಯೇ ಬಂತು.

ಆಟ ಮುಗಿದ ಮೇಲೆ ಎರಡೂ ತಂಡದವರು ಸಾಲಾಗಿ ಬಂದು ಕೈ ಕುಲುಕಿದೆವು. ಅಕ್ಕ ಒಂಬತ್ತನೆಯವಳು. ಎಂಟು ಕೈಗಳನ್ನು ಕುಲುಕಿದ್ದು ನೆನಪೇ ಇಲ್ಲ. ಅಂಪೈರಿಗೆ ಹೇಳಿಬಿಟ್ಟಳೇ, ಈಗ ಹೇಳುತ್ತಾಳೇ, ಇಷ್ಟು ಜನರ ಎದುರಿಗೆ ಹೇಳುತ್ತಾಳೇ ಎಂಬುದೊಂದೇ ತಲೆಯಲ್ಲಿ. ಅಕ್ಕ ಕೈ ಹಿಡಿದು, "ಚೆನ್ನಾಗಿ ಆಡಿದೆ ಕುಳ್ಳಿ," ಎಂದಳು. ಕೈ ಬಿಟ್ಟು ಮುಂದಿನವಳ ಕೈ ಹಿಡಿದಳು.

ಟೀವಿಯವರು ಅವಳನ್ನು ಕೇಳಿದರು. "ಚೆಂಡು ಬೆರಳಿಗೆ ಸಿಕ್ಕಿಕೊಳ್ತು. ನನ್ನದೇ ತಪ್ಪು," ಎಂದಳಂತೆ. ಅಮ್ಮ ಫೋನಿನಲ್ಲಿ ಅದನ್ನೇ ಕೇಳಿದಳು. "ಅವಳ ಬೆರಳಿಗೆ ಏನಾಯ್ತೇ? ಚಿಕ್ಕಂದಿನಿಂದ ಒಂದು ದಿನ ಹಾಗಾಗಿರಲಿಲ್ಲ. ಪೆಟ್ಟಾಗಿದೆಯಾ, ನೋಡಿದ್ಯಾ?"

"ಏನೂ ಆಗಿಲ್ಲ ಅಮ್ಮಾ. ಚೆನ್ನಾಗೇ ಇದ್ದಾಳೆ."

ಅಭ್ಯಾಸಬಲದಿಂದ ಬೀರು ತೆಗೆದು ಪೆನ್ಸಿಲ್ ಕೈಗೆತ್ತಿಕೊಂಡೆ. ನಿನ್ನೆಯ ಪಂದ್ಯಕ್ಕೆ ಗೀಟು ಎಳೆಯುವ ಹಾಗಿಲ್ಲ. ನಲವತ್ತೈದಕ್ಕೇ ನಿಂತಿದೆ.

ಅಕ್ಟೋಬರ್ 19, ಸೋಮವಾರ

ಅಕ್ಕ ಅಂಗಡಿಗೆ ಬಂದಿದ್ದಳು. ಮಧ್ಯಾಹ್ನದ ವಿಮಾನಕ್ಕೆ ಮುಂಚೆ ನನ್ನ ಕೆಲಸದ ಜಾಗ ನೋಡಬೇಕು ಎಂದು ನಿನ್ನೆಯೇ ಹೇಳಿ ಕಳಿಸಿದ್ದಳು. ರಾತ್ರಿಯೆಲ್ಲ ಏನು ಹೇಳುತ್ತಾಳೋ ಎಂದು ನಿದ್ದೆಯಿಲ್ಲ. ಬಂದವಳು ಬ್ಯಾಟುಗಳನ್ನು ಒಂದೊಂದಾಗಿ ಎತ್ತಿ ತೂಗಿ ನೋಡಿದಳು, ನನ್ನ ಸುತ್ತಿಗೆ ಹಿಡಿದು ನಾಲ್ಕು ಏಟು ತಟ್ಟಿದಳು, ಎಣ್ಣೆಯ ಡಬ್ಬಿ ಮೂಸಿ ಮುಖ ಸಿಂಡರಿಸಿದಳು. ಮೊದಲಿನ ಅಕ್ಕನೇ. ನನಗೆ ಉಸಿರು ಬಂತು.

ಆಗ ಬಡಗಿ ಕನ್ನಡಕ ಹಣೆಗೇರಿಸಿದ. ಅವನಿಗೆ ನಮ್ಮ ಮಾತು ಬಾರದು, ಅಕ್ಕನಿಗೆ ಅವನ ಮಾತು ಬಾರದು. ನಡುವೆ ನಾನೇ ದುಭಾಷಿ.

"ನಿಮ್ಮಕ್ಕನನ್ನ ಒಂದು ಮಾತು ಕೇಳು," ಎಂದ. "ಕೊನೇ ಓಟದಲ್ಲಿ ನೀನು ಏನೋ ಕೂಗಿದೆ. ಟೀವೀಲಿ ಕೇಳಿಸ್ತು. ಆ ಮಾತಿಗೆ ಏನರ್ಥ ಅಂತ."

ನನ್ನನ್ನೇ ಕೇಳಬಹುದಿತ್ತು. ಕೇಳಲಿಲ್ಲ. ಅಕ್ಕನಿಗೆ ನಾನು 'ಊಟ ಆಯ್ತಾ ಅಂತ ಕೇಳ್ತಿದ್ದಾರೆ' ಎಂದರೂ ಅವನಿಗೆ ತಿಳಿಯುತ್ತಿರಲಿಲ್ಲ. ಆದರೆ ಅವನು ನನ್ನ ಮುಖ ನೋಡುತ್ತಿದ್ದ, ಇಪ್ಪತ್ತು ವರ್ಷ ಮುಖ ನೋಡಿ ತೀರ್ಪು ಕೊಟ್ಟವನು. ಅಕ್ಕನ ಕಡೆ ತಿರುಗಿ ಕೇಳಿದೆ:

"ಅಕ್ಕಾ, ಮೊನ್ನೆ ಕೊನೇಲಿ ನಾನು ಕೂಗಿದ ಮಾತಿಗೆ ಏನರ್ಥ ಅಂತ ಕೇಳ್ತಿದ್ದಾರೆ."

ಅಕ್ಕ ನನ್ನನ್ನು ನೋಡಿದಳು. ಬಹಳ ಹೊತ್ತೇನಲ್ಲ. ಕೈಯಲ್ಲಿದ್ದ ಬ್ಯಾಟನ್ನು ಗೋಡೆಗೆ ಒರಗಿಸಿದಳು.

"ಓಡು ಅಂತ ಅರ್ಥ. ಹೇಳು ಅವರಿಗೆ."

"ಓಡು ಅಂತ," ಎಂದೆ ಬಡಗಿಗೆ.

"ಹಾಗಾದ್ರೆ ಸರಿ," ಎಂದು ಅವನು ಕನ್ನಡಕ ಇಳಿಸಿ ಉಜ್ಜುಕಾಗದ ಕೈಗೆತ್ತಿಕೊಂಡ. ಮತ್ತೆ ತಲೆಯೆತ್ತಲಿಲ್ಲ.

ಬಸ್ ನಿಲ್ದಾಣ ರಸ್ತೆಯ ಆಚೆ ಬದಿ. ಅಕ್ಕನನ್ನು ಬಿಡಲು ಹೊರಗೆ ಬಂದೆ. ಇಬ್ಬರೂ ಅಂಚಿನಲ್ಲಿ ನಿಂತೆವು. ಮುಂದಿನ ಪ್ರವಾಸಕ್ಕೆ ತನಗೆ ವಿಶ್ರಾಂತಿ ಕೊಟ್ಟಿದ್ದಾರೆ ಎಂದಳು. ಮೂವತ್ತೊಂದು ವರ್ಷದವಳಿಗೆ ವಿಶ್ರಾಂತಿ ಕೊಟ್ಟರೆ ಏನೆಂದು ನಮ್ಮಿಬ್ಬರಿಗೂ ಗೊತ್ತು.

"ಅಕ್ಕಾ, ನಾನು ಬೇಕಂತ..."

"ನಾನು ಕೇಳಿದ್ನಾ?" ಎಂದಳು. ಸಿಟ್ಟಿರಲಿಲ್ಲ ಧ್ವನಿಯಲ್ಲಿ. "ನೀನು ನೋಡು ಅಂದೆ. ನಾನು ನಿಂತೆ. ಅಷ್ಟೆ."

ಆಮೇಲೆ ನನ್ನ ಅಂಗಿಯ ಕಾಲರ್ ಸರಿ ಮಾಡಿದಳು, ಶಾಲೆಗೆ ಹೊರಡುವಾಗ ಮಾಡುತ್ತಿದ್ದ ಹಾಗೆ. ಆಚೆ ಬದಿಗೆ ಬಸ್ಸು ಬಂತು. "ಬರ್ತೀನಿ ಕಣೆ," ಎಂದು ರಸ್ತೆಗೆ ಇಳಿದಳು. ಅಮ್ಮ ಹೇಳಿದ್ದು ಆಗ ನೆನಪಾಯಿತು. ಗಾಡಿಗಳು ಯಾವ ಕಡೆಯಿಂದ ಬರುತ್ತವೆ ಎಂದು ನಾನು ಹೇಳಿಕೊಟ್ಟೇ ಇರಲಿಲ್ಲ. ಅಕ್ಕ ನಮ್ಮೂರಿನ ಅಭ್ಯಾಸದಲ್ಲಿ ಆ ಕಡೆ ನೋಡಿಕೊಂಡು ಹೋಗುತ್ತಿದ್ದಳು. ಈ ಕಡೆಯ ತಿರುವಿನಿಂದ ಇಸ್ತ್ರಿ ಅಂಗಡಿಯ ವ್ಯಾನು ಬಂತು, ಜೋರಾಗಿ.

"ಅಕ್ಕಾ, ನೋಡು!"

ಕೇಳಿಸಿತು ಅವಳಿಗೆ. ಭುಜ ಒಮ್ಮೆ ಬಿಗಿದದ್ದು ನನಗೆ ಕಂಡಿತು. ಆದರೆ ಅಕ್ಕ ನಿಲ್ಲಲಿಲ್ಲ.

ವ್ಯಾನಿನ ಬ್ರೇಕು ಕಿರುಚಿತು. ಅಕ್ಕನಿಗೆ ಒಂದು ಮೊಳ ದೂರದಲ್ಲಿ ನಿಂತಿತು. ಚಾಲಕ ತಲೆ ಹೊರಗೆ ಹಾಕಿ ಬೈದ. ಅಕ್ಕ ಹೆಜ್ಜೆ ಬದಲಿಸದೆ ನಡೆದು ಆಚೆ ಬದಿ ಸೇರಿದಳು, ಬಸ್ಸು ಹತ್ತಿದಳು, ಕಿಟಕಿಯ ಹತ್ತಿರ ಕೂತು ಕೈ ಎತ್ತಿದಳು. ನಾನೂ ಎತ್ತಿದೆ.

ಬಸ್ಸು ಹೋಯಿತು. ನನ್ನ ಕೋಣೆಯೂ ಆಚೆ ಬದಿಯಲ್ಲೇ ಇದೆ, ಎಣ್ಣೆಯ ಬಟ್ಟೆ ಬದಲಿಸಿ ಬರಬೇಕಿತ್ತು. ಅಂಚಿನಲ್ಲೇ ನಿಂತಿದ್ದೆ. ಈ ಕಡೆ ನೋಡಿದೆ, ಆ ಕಡೆ ನೋಡಿದೆ. ಎಲ್ಲಿಯೂ ಏನೂ ಬರುತ್ತಿರಲಿಲ್ಲ. ಆದರೂ ಕಾಲು ಏಳಲಿಲ್ಲ.